ಪೊಟರೆಯ ಲೆಕ್ಕ ಯಾರ ಕಡತದಾಗ ಐತಿ?

‘ಒಂದು ಮರ ಕಡಿದ್ರ ಹತ್ತು ಸಸಿ ಹಚ್ತೀವಿ.’ ನಮ್ಮ ರಾಯಚೂರಿನಲ್ಲಿ ಮಾನ್ವಿ ರಸ್ತೆ ಇರಲಿ, ದೇವದುರ್ಗದ ರಸ್ತೆ ಇರಲಿ, ಅಗಲ ಮಾಡಲು ಹೊರಟವರ ಬಾಯಲ್ಲಿ ಇದೊಂದೇ ಪಾಠ. ಹಚ್ಚರಿ. ಪೊಟರೆ ಎಲ್ಲಿಂದ ತರ್ತೀರಿ?

ಕೊಂಬೆ ಮುರಿದು, ಗಾಯ ಕೊಳೆತು, ವರ್ಷಾನುಗಟ್ಟಲೆ ಒಳಗೊಳಗೇ ಟೊಳ್ಳಾದ ಮುದಿ ಹುಣಸೆ, ಮುದಿ ಬೇವುಗಳಲ್ಲಿ ಗಿಳಿ, ಗೂಬೆಗಳಿಗೆ ಮನೆ ಸಿಗುತ್ತದೆ. ಇಣಚಿಯಂತೂ ನಮ್ಮ ಹೊಲದ ಹತ್ತಿಯನ್ನೇ ಕದ್ದೊಯ್ದು ಮರಿಗಳಿಗೆ ಹಾಸುತ್ತದೆ, ನಮಗೇನೂ ತಕರಾರಿಲ್ಲ. ಜೆಸಿಬಿ ಬಂದ ದಿನ ಬುಡವನ್ನು ಬಿಟ್ಟು ಮೇಲೆ ಕತ್ತೆತ್ತಿ ನೋಡುವವರೇ ಇರುವುದಿಲ್ಲ.

ಹೀಗೆ ಪೊಟರೆಯಲ್ಲೇ ಬದುಕುವ ಗ್ರೇಟರ್ ಗ್ಲೈಡರ್ ಎಂಬ ಪ್ರಾಣಿ ಆಸ್ಟ್ರೇಲಿಯಾದಲ್ಲಿದೆ. ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಸಾಕುತ್ತದೆ, ಮೈಬದಿಯ ತೊಗಲು ಹರವಿ ರಾತ್ರಿ ಮರದಿಂದ ಮರಕ್ಕೆ ತೇಲುತ್ತದೆ. ಉಣ್ಣುವುದು ನೀಲಗಿರಿ ಎಲೆ, ಹಗಲು ಮಲಗುವುದು ನೀಲಗಿರಿಯ ಪೊಟರೆಯಲ್ಲಿ. ಅಂಥ ಪೊಟರೆಯಾಗಲು ನೂರು ವರ್ಷ ಸಾಲದು. 2019-20ರ ಕಾಳ್ಗಿಚ್ಚು ಅದರ ಕಾಡಿನ ದೊಡ್ಡ ಪಾಲನ್ನು ನುಂಗಿತು. 2022ರಲ್ಲಿ ಗ್ಲೈಡರ್ ಅಳಿವಿನಂಚಿನ ಪಟ್ಟಿಗೆ ಬಿತ್ತು. ಮರುವರ್ಷ ಆಗಸ್ಟ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಟಾಲಗಾಂಡಾ ಸರಕಾರಿ ಕಾಡಿನಲ್ಲಿ, ಮರ ಕಡಿಯುತ್ತಿದ್ದ ಜಾಗದ ಹತ್ತಿರ, ಒಂದು ಗ್ಲೈಡರ್ ಸತ್ತು ಬಿದ್ದಿತ್ತು. ಒಂದೇ ಒಂದು. ಅಲ್ಲಿನ ಪರಿಸರ ಪ್ರಾಧಿಕಾರ ಕಡಿತ ನಿಲ್ಲಿಸಿತು.

ಅದೇ ನೀಲಗಿರಿಯನ್ನು ಕರ್ನಾಟಕ ಎಕರೆಗಟ್ಟಲೆ ನೆಟ್ಟು ಹಸಿರೆಂದು ಎದೆ ತಟ್ಟಿಕೊಂಡಿತು. ಕೆಲವೇ ವರ್ಷಕ್ಕೆ ಕೊಯ್ದು ಕಾಗದದ ತಿರುಳಿಗೆ ಮಾರುವ ಮರಕ್ಕೆ ಪೊಟರೆ ಎಲ್ಲಿಯದು? ಬೋರ್‌ವೆಲ್ ಬತ್ತಿದ ಮೇಲೆ, 2017ರಲ್ಲಿ, ನೀಲಗಿರಿ ಬೇಡವೆಂದು ಸರಕಾರವೇ ಆದೇಶ ಹೊರಡಿಸಿತು.

ಮಲೆನಾಡಿನ ಹಾರುಬೆಕ್ಕು (ಹೆಸರು ಬೆಕ್ಕು, ಜಾತಿ ಅಳಿಲು) ಕೂಡ ಪೊಟರೆಯನ್ನೇ ನಂಬಿದ ಜೀವ. ಮರಗಳ ನಡುವಿನ ಅಂತರ ಹಿಗ್ಗಿದರೆ ಅದು ನೆಲಕ್ಕಿಳಿಯಬೇಕು. ನೆಲದಲ್ಲಿ ನಾಯಿ, ಲಾರಿ.

‘ಹಾರೋ ಪ್ರಾಣಿ ರಾಯಚೂರಾಗ ಎಲ್ಲೈತಿ?’ ಅಂತೀರಿ. ಇಲ್ಲ. ಆದರೆ ಎರಡು ಹೊಳೆಗಳ ನಡುವೆ ಕಾಡೇ ಅಪರೂಪವಾದ ಈ ಬಯಲಿನಲ್ಲಿ, ಮೇ ತಿಂಗಳ ಬಿಸಿಲಿಗೆ ಕುರಿ, ಕೂಲಿಯವರು, ಇಣಚಿ ಎಲ್ಲರೂ ಓಡಿ ಬರುವುದು ರಸ್ತೆ ಬದಿಯ ಬೇವಿನ ಬುಡಕ್ಕೆ. ಅದನ್ನೂ ಕಡಿದು, ಮುಳ್ಳುಬೇಲಿಯೊಳಗೆ ನೀರಿಲ್ಲದೆ ಒಣಗುವ ಕಡ್ಡಿ ತೋರಿಸಿ ಫೋಟೊ ಹೊಡೆಸಿಕೊಳ್ಳುತ್ತೀರಿ.

ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ, ಪೊಟರೆ ಎಣಿಸುವವರು ಮಾತ್ರ ಇಲ್ಲ. ಇನ್ನು ಮೇಲೆ ಯಾವ ಮರಕ್ಕೆ ಗರಗಸ ಹಚ್ಚುವುದಿದ್ದರೂ ಮೊದಲು ಏಣಿ ಹಾಕಿ ಹತ್ತಿ. ಪೊಟರೆ ಎಷ್ಟು, ಒಳಗೆ ಯಾವ ಮರಿ ಅಂತ ಬರೆದು, ಆ ಪಟ್ಟಿಯನ್ನು ಊರ ಚಾವಡಿಗೆ ಅಂಟಿಸಿ, ಕೆಳಗೆ ನಿಮ್ಮ ಸಹಿ ಹಾಕಿ.