ಚಳಿಗೆ ಜರ್ಕಿನ್, ಮಳೆಗೆ ರೇನ್‌ಕೋಟ್, ಬಿದ್ದರೆ?

ಹವಾಮಾನದ ವಿಷಯದಲ್ಲಿ ನಮ್ಮ ಬೈಕು, ಸ್ಕೂಟರ್ ಸವಾರರು ಉದಾಸೀನರೆಂದು ಯಾರೂ ಹೇಳಲಾರರು. ಡಿಸೆಂಬರಿನ ಬೆಳಗಿನಲ್ಲಿ ಜರ್ಕಿನ್ನನ್ನು ಹಿಂದುಮುಂದಾಗಿ ತೊಟ್ಟು ಎದೆಗೆ ಗಾಳಿ ತಾಗದಂತೆ ನೋಡಿಕೊಳ್ಳುತ್ತಾರೆ. ಜರ್ಕಿನ್ ಇಲ್ಲದವರು ಅಂಗಿಯೊಳಗೆ ದಿನಪತ್ರಿಕೆಯ ಹಾಳೆ ಹರವಿಕೊಳ್ಳುವುದುಂಟು. ಏಪ್ರಿಲಿನಲ್ಲಿ ಮುಖಕ್ಕೆ ದುಪಟ್ಟಾ, ಜೂನ್ ಹಿಡಿದರೆ ಸೀಟಿನಡಿ ಮಡಿಚಿಟ್ಟ ರೇನ್‌ಕೋಟ್. ಈ ತಯಾರಿಯೆಲ್ಲ ಆಕಾಶದ ವಿರುದ್ಧ. ನೆಲದ ವಿರುದ್ಧ ಇರುವುದು ಹೆಲ್ಮೆಟ್ ಒಂದೇ, ಅದೂ ಬಹಳ ಮಟ್ಟಿಗೆ ಪೊಲೀಸರ ವಿರುದ್ಧ. ಚಳಿಗೆ ಕೊಂಡ ಜರ್ಕಿನ್ ಬಿದ್ದಾಗಲೂ ಕಾಪಾಡೀತು ಎಂಬ ಅಸ್ಪಷ್ಟ ನಂಬಿಕೆ ನಮ್ಮಲ್ಲಿದೆ. ಬೀಳುವುದಕ್ಕೆಂದೇ ಮಾಡಿದ ಜಾಕೆಟ್ ಬಿಸಿಲಿಗೆ ಆಗದು ಎಂಬ ನಂಬಿಕೆಯೂ ಇದೆ. ಎರಡೂ ಹುಟ್ಟುವುದು ಒಂದೇ ಗೊಂದಲದಿಂದ. ಬೀಳುವುದಕ್ಕೆ ಬೇಕಾದ ಉಡುಪು ಒಂದು, ಅದು ವರ್ಷವಿಡೀ ಮೈಮೇಲಿರಬೇಕು. ಬಿಸಿಲು, ಮಳೆ, ಚಳಿಗಳನ್ನು ಅದರ ಒಳಗಿನ ಮತ್ತು ಮೇಲಿನ ಪದರಗಳಿಗೆ ಬಿಟ್ಟುಬಿಡಬೇಕು.

ಬೀಳುವುದೆಂದರೆ ಏನೆಂದು ಮೊದಲು ನೋಡೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕಿನಿಂದ ಕಳಚಿಬಿದ್ದವನು ಒಣ ಡಾಂಬರಿನ ಮೇಲೆ ಸುಮಾರು 20 ಮೀಟರ್ ಉಜ್ಜಿಕೊಂಡು ಹೋಗಿ ನಿಲ್ಲುತ್ತಾನೆ. ಆ ದೂರದಲ್ಲಿ ತೆಳು ಹತ್ತಿಯ ಅಂಗಿ ಮೊದಲ ಕ್ಷಣದಲ್ಲೇ ಹರಿದುಹೋಗುತ್ತದೆ, ಉಳಿದದ್ದನ್ನು ಚರ್ಮ ಭರಿಸಬೇಕು. ಇದು ವೇಗಕ್ಕೆ ಸಂಬಂಧಿಸಿದ ಮಾತು. ವೇಗಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಪೆಟ್ಟಿದೆ: ಒಂದು ಮೀಟರ್ ಎತ್ತರದಿಂದ ಬೀಳುವ ಮೊಣಕೈ ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿರುತ್ತದೆ. ಬೈಕು ಹೆದ್ದಾರಿಯಲ್ಲಿ ಓಡುತ್ತಿದ್ದರೂ ಅಷ್ಟೆ, ತರಕಾರಿ ತರಲು ಹೊರಟು ಗಲ್ಲಿಯ ಮರಳಿನ ಮೇಲೆ ಜಾರಿದರೂ ಅಷ್ಟೆ. ‘ಇಲ್ಲೇ ಹತ್ತಿರ, ನಿಧಾನವಾಗಿ ಹೋಗ್ತೀನಿ’ ಎನ್ನುವವರಿಗೆ ಚರ್ಮ ಉಳಿದೀತು, ಮೂಳೆಯ ಖಾತರಿಯಿಲ್ಲ.

ಇದೆಲ್ಲ ಲೆಕ್ಕಾಚಾರ, ರಸ್ತೆಯ ಮೇಲಿನ ಪುರಾವೆ ಎಲ್ಲಿ ಎಂದು ಕೇಳಬಹುದು. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಪ್ರದೇಶದಲ್ಲಿ ಅಪಘಾತಕ್ಕೊಳಗಾದ 212 ಬೈಕ್ ಸವಾರರನ್ನು ಲಿಜ್ ಡಿ ರೋಮ್ ಮತ್ತು ಸಂಗಡಿಗರು ಪರಿಶೀಲಿಸಿ 2011ರಲ್ಲಿ ಅಧ್ಯಯನ ಪ್ರಕಟಿಸಿದರು. ಸವಾರಿಗೆಂದೇ ಮಾಡಿದ ಜಾಕೆಟ್ ತೊಟ್ಟವರು ಆಸ್ಪತ್ರೆಗೆ ದಾಖಲಾಗುವ ಸಂಭವ ಶೇ 21ರಷ್ಟು, ಪ್ಯಾಂಟ್ ತೊಟ್ಟವರಲ್ಲಿ ಶೇ 51ರಷ್ಟು, ಗ್ಲೌಸ್ ಹಾಕಿದವರಲ್ಲಿ ಶೇ 59ರಷ್ಟು ಕಡಿಮೆಯಿತ್ತು. ನಾವು ಕೊಳ್ಳುವ ಕ್ರಮ ಇದಕ್ಕೆ ಪೂರ್ತಿ ವಿರುದ್ಧ. ದುಡ್ಡೆಲ್ಲ ಜಾಕೆಟ್ಟಿಗೆ, ಉಳಿದರೆ ಗ್ಲೌಸು, ಪ್ಯಾಂಟಿನ ಯೋಚನೆಯೇ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಬೀಳುವ ಮನುಷ್ಯ ಮೊದಲು ಊರುವುದು ಅಂಗೈಯನ್ನು; ಮಂಡಿ ಬಹುಬೇಗ ಅದನ್ನು ಹಿಂಬಾಲಿಸುತ್ತದೆ. ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಗ್ಲೌಸು, ಪಾದದ ಗಿಣ್ಣು ಮುಚ್ಚುವ ಬೂಟು, ಮಂಡಿಯ ಗಾರ್ಡು ಮುಂದೆ ಬರಬೇಕು.

ಅದೇ ಅಧ್ಯಯನದಲ್ಲಿ ಮಾರಾಟಗಾರರು ಹೇಳದ ಇನ್ನೊಂದು ಸಂಗತಿಯಿದೆ. ಅಪಘಾತದಲ್ಲಿ ಸುಮಾರು ಶೇ 30ರಷ್ಟು ಜಾಕೆಟ್‌ಗಳು, ಶೇ 28ರಷ್ಟು ಪ್ಯಾಂಟ್‌ಗಳು, ಶೇ 26ರಷ್ಟು ಗ್ಲೌಸ್‌ಗಳು ಹರಿದೋ ಹೊಲಿಗೆ ಬಿಚ್ಚಿಯೋ ಸೋತಿದ್ದವು. ಅಂದರೆ ‘ರೈಡಿಂಗ್ ಜಾಕೆಟ್’ ಎಂದು ಬರೆದ ಮಾತ್ರಕ್ಕೆ ಅದು ರಕ್ಷಾಕವಚವಾಗದು. ಯುರೋಪಿನಲ್ಲಿ ಇಎನ್ 17092 ಎಂಬ ಮಾನದಂಡ ಬಟ್ಟೆಯ ಉಜ್ಜುವಿಕೆ ಮತ್ತು ಹೊಲಿಗೆಯನ್ನು ಪರೀಕ್ಷಿಸಿ ಉಡುಪನ್ನು ಎಎಎ, ಎಎ, ಎ ಎಂದು ವಿಂಗಡಿಸುತ್ತದೆ. ಮೊಣಕೈ, ಭುಜ, ಮಂಡಿಯ ಗಾರ್ಡುಗಳಿಗೆ ಇಎನ್ 1621-1 ಇದೆ. ಪರೀಕ್ಷೆಯ ಪೆಟ್ಟಿನಲ್ಲಿ ಮೈಗೆ ದಾಟುವ ಬಲ ಲೆವೆಲ್ 1ರ ಗಾರ್ಡಿನಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20 ಮೀರಬಾರದು. ನಮ್ಮಲ್ಲಿ ಹೆಲ್ಮೆಟ್‌ಗೆ 2021ರ ಜೂನ್‌ನಿಂದ ಐಎಸ್‌ಐ ಗುರುತು ಕಡ್ಡಾಯ, ಜಾಕೆಟ್ಟಿಗೆ ಅಂಥ ಕಡ್ಡಾಯವಿಲ್ಲ. ಹಾಗಾಗಿ ಅಗ್ಗದ ಜಾಕೆಟ್ಟಿನ ಮೊಣಕೈಯೊಳಗೆ ಬೆರಳಿಂದ ಒತ್ತಿದರೆ ಚಪ್ಪಟೆಯಾಗುವ ಸ್ಪಂಜು ತುಂಬಿ ಮಾರುವವರನ್ನು ಕೇಳುವವರಿಲ್ಲ. ಕೊಳ್ಳುವವರೇ ಗಾರ್ಡನ್ನು ಹೊರಕ್ಕೆ ತೆಗೆದು ಅದರ ಮೇಲೆ ಅಚ್ಚಾದ ಗುರುತು ಓದಬೇಕು, ಹ್ಯಾಂಡಲ್ ಹಿಡಿದ ಭಂಗಿಯಲ್ಲಿ ಅದು ಮೊಣಕೈಯಿಂದ ಸರಿಯುತ್ತದೆಯೇ ನೋಡಬೇಕು. ಸರಿಯುವ ಗಾರ್ಡು ಎಷ್ಟು ಒಳ್ಳೆಯದಾದರೂ ಪೆಟ್ಟಿನ ಹೊತ್ತಿಗೆ ಬೇರೆಲ್ಲೋ ಇರುತ್ತದೆ.

ಇನ್ನು ಸೆಕೆಯ ಆಕ್ಷೇಪ. ಇದು ನೆಪವಲ್ಲ, ನಿಜವಾದ ತೊಡಕು. ಚಳಿದೇಶಕ್ಕೆ ಹೊಲಿದ ದಪ್ಪ ಜಾಕೆಟ್ ತೊಟ್ಟು ಮೇ ತಿಂಗಳಲ್ಲಿ ಸಿಗ್ನಲ್ಲಿನಲ್ಲಿ ನಿಂತವನ ತಲೆ ಸುತ್ತಿದರೆ ಅದೂ ಒಂದು ಅಪಾಯವೇ. 2018ರಲ್ಲಿ ಶುರುವಾದ ಆಸ್ಟ್ರೇಲಿಯಾ–ನ್ಯೂಜಿಲೆಂಡಿನ ಮೋಟೋಕ್ಯಾಪ್ ವ್ಯವಸ್ಥೆ ಇದನ್ನು ಅರಿತೇ ಪ್ರತಿ ಉಡುಪಿಗೆ ರಕ್ಷಣೆಯದೊಂದು, ಸೆಕೆ ತಡೆಯುವುದಕ್ಕೊಂದು ಎಂದು ಎರಡು ಬೇರೆ ಅಂಕ ಕೊಡುತ್ತದೆ. ನಮ್ಮ ನಾಡಿಗೆ ಬೇಕಾದದ್ದು ಇಂಥ ಅಳತೆ. ಗಟ್ಟಿ ನೈಲಾನಿನ, ಜಾಲರಿಯಂತೆ ನೇಯ್ದ ಮೆಶ್ ಜಾಕೆಟ್ ಉಜ್ಜುವಿಕೆಯಲ್ಲಿ ಚರ್ಮದ ಜಾಕೆಟ್ಟಿಗೆ ಸಾಟಿಯಲ್ಲ. ಆದರೆ ದಿನವೂ ಮೈಮೇಲಿರುವ ಎ ದರ್ಜೆಯ ಮೆಶ್, ಗೋಡೆಯ ಮೊಳೆಗೆ ತೂಗುಹಾಕಿದ ಎಎಎಗಿಂತ ಮೇಲು. ತೋಳು ಬಿಟ್ಟುಕೊಂಡು ಹೋದರೆ ತಂಪು ಎಂಬುದೂ ಅರ್ಧ ಸತ್ಯ. ಕಲಬುರಗಿ, ರಾಯಚೂರಿನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಗಾಳಿ ಚರ್ಮಕ್ಕಿಂತ ಬಿಸಿ. ಆಗ ಅದು ಮೈಯ ಶಾಖವನ್ನು ಒಯ್ಯುವ ಬದಲು ತಾನೇ ಶಾಖ ತುಂಬುತ್ತದೆ, ತಂಪು ಬರುವುದು ಬೆವರು ಆರುವುದರಿಂದ ಮಾತ್ರ. ಅಲ್ಲಿ ಹೊಲದಲ್ಲಿ ದುಡಿಯುವವರು ತುಂಬುತೋಳಿನ ಅಂಗಿ, ತಲೆಗೆ ರುಮಾಲು ಬಿಡದಿರುವುದಕ್ಕೆ ಕಾರಣವಿದೆ. ಮೆಶ್‌ನೊಳಗೆ ಒದ್ದೆ ಮಾಡಿದ ಹತ್ತಿಯ ಬನಿಯನ್ ಇದ್ದರೆ ಒಣಗಾಳಿಯಲ್ಲಿ ಬಹಳ ಹೊತ್ತು ಹಿತ. ಮಂಗಳೂರಿನ ಜಿಗುಟು ಹವೆಯಲ್ಲಿ ಇದೇ ಉಪಾಯ ನಡೆಯದು, ಬೇಗ ಆರುವ ತೆಳು ಪಾಲಿಯೆಸ್ಟರ್ ಬನಿಯನ್ನೇ ವಾಸಿ.

ಪದರಗಳ ಪ್ರಯೋಜನ ತಿಳಿಯಬೇಕಾದರೆ ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿ ಮಂಗಳೂರಿಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 75 ಸಾಕು. ಒಂದೇ ಹಗಲಿನಲ್ಲಿ ಬಯಲು, ಮಲೆನಾಡು, ಕರಾವಳಿ. ಇದಕ್ಕೆ ಮೂರು ಜಾಕೆಟ್ ಕೊಳ್ಳಲಾಗದು, ಒಂದೇ ದಪ್ಪ ಜಾಕೆಟ್ಟೂ ನಡೆಯದು. ಹಲವು ಜಾಕೆಟ್‌ಗಳ ಒಳಗೆ ಜಿಪ್ಪಿನಿಂದ ಸೇರಿಸುವ ಮಳೆಯ ಪದರ ಕೊಟ್ಟಿರುತ್ತಾರೆ. ನನ್ನ ಮಟ್ಟಿಗೆ ಅದು ನಮ್ಮ ಮಳೆಗಾಲಕ್ಕೆ ಹೊಂದದ ಏರ್ಪಾಡು: ಮಳೆ ಬಂದಾಗ ರಸ್ತೆಬದಿಯಲ್ಲಿ ಜಾಕೆಟ್ ಬಿಚ್ಚಬೇಕು, ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅದು ಆರುವಾಗ ಮೈ ನಡುಗುತ್ತದೆ. ಎರಡು ಅಳತೆ ದೊಡ್ಡದಾದ ಸಾಮಾನ್ಯ ರೇನ್‌ಕೋಟು, ಪ್ಯಾಂಟನ್ನು ಜಾಕೆಟ್ಟಿನ ಮೇಲೇ ಎಳೆದುಕೊಳ್ಳುವುದು ಅಗ್ಗ ಮತ್ತು ಜಾಣತನ. ಗಾಳಿಗೆ ಹಾರಾಡಿ ಚಕ್ರಕ್ಕೆ ಸಿಲುಕಬಹುದಾದ, ಹೊದಿಕೆಯಂಥ ರೇನ್‌ಕೋಟು ಮಾತ್ರ ಬೇಡ. ಚಳಿಗೂ ಇದೇ ಸೂತ್ರ. 10 ಡಿಗ್ರಿ ಚಳಿಯಲ್ಲಿ 80 ಕಿ.ಮೀ. ವೇಗದ ಗಾಳಿ ಎದುರಾದರೆ ಮೈಗೆ 4 ಡಿಗ್ರಿಯಂತೆ ಅನ್ನಿಸುತ್ತದೆ. ಗಾಳಿಯನ್ನು ರೇನ್‌ಕೋಟೇ ತಡೆದರೆ ಒಳಗೆ ತೆಳು ಉಣ್ಣೆ ಸಾಕು. ಜೋರುಮಳೆಯ ಆಗುಂಬೆ ಕಡೆಯವರಿಗೆ ಚರ್ಮದ ಜಾಕೆಟ್ಟಿನ ಆಸೆ ಒಳ್ಳೆಯದಲ್ಲ, ಆಷಾಢ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.

ರಕ್ಷಣೆ ತೊಟ್ಟವರು ಧೈರ್ಯ ಬಂದು ಜೋರಾಗಿ ಓಡಿಸುತ್ತಾರೆ ಎಂಬ ಮಾತಿದೆ. ಹೆಲ್ಮೆಟ್ ಬಂದಾಗಲೂ ಇದ್ದ ಮಾತದು. ಸ್ಕೂಟರಿನಲ್ಲಿ ಕಚೇರಿಗೆ ಹೋಗುವವರನ್ನು ಗ್ಲೌಸು ರೇಸಿಗೆ ಇಳಿಸೀತು ಎಂದು ನಂಬುವುದು ಕಷ್ಟ. ಮೊದಲು ಗುಂಡಿ ಮುಚ್ಚಲಿ ಎನ್ನುವವರ ಕೋಪ ನ್ಯಾಯವಾದದ್ದು, ಮುಚ್ಚುವವರೆಗೆ ಮಂಡಿ ನಮ್ಮದೇ.

ಗಟ್ಟಿಯಾಗಿ ನಿಲ್ಲುವ ಆಕ್ಷೇಪ ಬೆಲೆಯದು, ಅದಕ್ಕೆ ಉತ್ತರಿಸಬೇಕಾದವರು ಸವಾರರಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ 44.5ರಷ್ಟು ದ್ವಿಚಕ್ರ ಸವಾರರು. ಹೀಗಿದ್ದೂ 2025ರ ಸೆಪ್ಟೆಂಬರ್ 22ರಂದು 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದರೆ, ಅದೇ ದಿನ 2,500 ರೂಪಾಯಿ ಮೀರಿದ ಉಡುಪಿನ ತೆರಿಗೆ ಶೇ 12ರಿಂದ 18ಕ್ಕೆ ಏರಿತು. ಮದುವೆಯ ಸೂಟಿಗೂ ಗಾರ್ಡು ಹೊಲಿದ ಜಾಕೆಟ್ಟಿಗೂ ಭೇದ ಮಾಡದ ಲೆಕ್ಕವಿದು. ಸೀರೆ ಚಕ್ರಕ್ಕೆ ಸಿಲುಕದಂತೆ ಹಿಂಚಕ್ರ ಮುಚ್ಚಬೇಕೆಂದು 1989ರ ಮೋಟಾರು ವಾಹನ ನಿಯಮಗಳಲ್ಲೇ ಬರೆದ ಸರ್ಕಾರಕ್ಕೆ, ರಕ್ಷಣಾ ಉಡುಪಿಗೊಂದು ಮಾನದಂಡ ಕಡ್ಡಾಯ ಮಾಡಿ ಅದನ್ನು ಪಾಲಿಸಿದ ಸರಕಿಗೆ ಮಾತ್ರ ತೆರಿಗೆ ಇಳಿಸುವುದು ದೊಡ್ಡ ಕೆಲಸವಲ್ಲ. ದಿನವಿಡೀ ಬೈಕಿನ ಮೇಲೇ ದುಡಿಯುವ ಡೆಲಿವರಿ ಹುಡುಗರ ವಿಷಯದಲ್ಲಿ ರಾಜ್ಯವೇ ಮುಂದಾಗಬಹುದು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಕಂಪನಿಗಳಿಂದ ಕ್ಷೇಮನಿಧಿಗೆ ಶುಲ್ಕ ಪಡೆಯುವ ದಾರಿ ತೆರೆದಿದೆ. ಆಸ್ಪತ್ರೆಯ ಬಿಲ್ಲಿಗೆ ಆ ನಿಧಿಯಿಂದ ಹಣ ತೆರುವ ಮೊದಲು ಗ್ಲೌಸು, ಮಂಡಿ ಗಾರ್ಡು, ಮೆಶ್ ಜಾಕೆಟ್ ಒದಗಿಸುವ ಹೊಣೆಯನ್ನು ಕಂಪನಿಗಳ ಮೇಲೆ ಹಾಕುವ ನಿಯಮ ಬರಲಿ. ಹೆಸರು ಅಚ್ಚಾದ ಟೀಶರ್ಟ್, ರೇನ್‌ಕೋಟುಗಳನ್ನು ಅವು ಈಗಲೇ ಹಂಚುತ್ತಿವೆ. ಜಾಕೆಟ್ಟಿನ ಬೆನ್ನ ಮೇಲೂ ಹೆಸರು ಅಚ್ಚುಹಾಕಲು ಬೇಕಾದಷ್ಟು ಜಾಗವಿದೆ.