ಸ್ಟೆಪ್ನಿ ಪರೀಕ್ಷಿಸದೆ ಹೊರಟ ನಿಕ್ಸ್

25 ವರ್ಷಗಳ ನಂತರ ತಂಡವನ್ನು ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ಗೆ ಕರೆದೊಯ್ದ ಕೋಚ್‌ಗೆ, ಸೋತ ಮೂರೇ ದಿನಕ್ಕೆ ಗೇಟ್‌ಪಾಸ್! ನ್ಯೂಯಾರ್ಕ್ ನಿಕ್ಸ್ ಜೂನ್ 3ರಂದು ಟಾಮ್ ಥಿಬೊಡೊ ಅವರನ್ನು ತೆಗೆದಾಗ, ಇಷ್ಟು ಗೆದ್ದವರನ್ನು ಯಾಕೆ ಕಳಿಸಿದರು ಅನ್ನೋ ಪ್ರಶ್ನೆ ಎದ್ದಿದ್ದು ಸಹಜ. ನನ್ನನ್ನು ಕಾಡೋದು ಬೇರೆಯದೇ ಪ್ರಶ್ನೆ. ಮಿಚೆಲ್ ರಾಬಿನ್ಸನ್ ಎಂಬ ಏಳಡಿ ಎತ್ತರದ ಮೀಸಲು ಸೆಂಟರ್‌ನನ್ನು ಮೊದಲ ಐವರಲ್ಲಿ ಇಳಿಸಲು, ಪೇಸರ್ಸ್ ವಿರುದ್ಧ 0-2ರಿಂದ ಹಿಂದೆ ಬೀಳುವವರೆಗೆ ಯಾಕೆ ಕಾಯಬೇಕಿತ್ತು?

ಲೆಕ್ಕದಿಂದಲೇ ಶುರು ಮಾಡೋಣ. ಎನ್‌ಬಿಎ ಪಂದ್ಯ 48 ನಿಮಿಷದ್ದು. ಅಂಗಳದಲ್ಲಿ ಒಂದು ತಂಡದ ಐವರು ಇರುವುದರಿಂದ ಕೋಚ್ ಕೈಲಿರುವುದು ಒಟ್ಟು 240 ನಿಮಿಷ. ಅದನ್ನು ಯಾರಿಗೆ ಎಷ್ಟು ಹಂಚುತ್ತೀರಿ ಅನ್ನೋದೇ ಅರ್ಧ ತಂತ್ರಗಾರಿಕೆ. ಈ ಹಂಚಿಕೆಯಲ್ಲಿ ಥಿಬೊಡೊ ಕೈ ಬಲು ಬಿಗಿ. 2024-25ರ ಲೀಗ್ ಹಂತದಲ್ಲಿ ಜೋಶ್ ಹಾರ್ಟ್ ಪಂದ್ಯಕ್ಕೆ ಸರಾಸರಿ 37.6 ನಿಮಿಷ ಆಡಿ ಇಡೀ ಎನ್‌ಬಿಎಗೆ ಮೊದಲಿಗರಾದರು. 82ಕ್ಕೆ 82 ಪಂದ್ಯ ಆಡಿದ ಮಿಕಾಲ್ ಬ್ರಿಡ್ಜಸ್ ಒಟ್ಟು ನಿಮಿಷಗಳಲ್ಲಿ ಮೊದಲಿಗರು. ಆರಂಭಿಕ ಐವರ ಮೇಲೆ ಭಾರ ಜಾಸ್ತಿಯಾಯ್ತು ಅಂತ ಮಾರ್ಚ್‌ನಲ್ಲಿ ಬ್ರಿಡ್ಜಸ್ ಬಹಿರಂಗವಾಗಿಯೇ ಹೇಳಿದ್ದರು.

ಕೋಚ್ ಪರವಾಗಿಯೂ ಹೇಳಬೇಕಾದ್ದಿದೆ. ಕಾಲಿನ ಗಂಟಿನ ಶಸ್ತ್ರಚಿಕಿತ್ಸೆಯಿಂದ ರಾಬಿನ್ಸನ್ ಅಂಗಳಕ್ಕೆ ಮರಳಿದ್ದೇ ಫೆಬ್ರವರಿ 28ಕ್ಕೆ. ಲೀಗ್ ಹಂತದಲ್ಲಿ ಅವರು ಆಡಿದ್ದು 17 ಪಂದ್ಯ. ಫ್ರೀ ಥ್ರೋ ಹಾಕುವುದರಲ್ಲಿ ತೀರಾ ಕಚ್ಚಾ. ಪ್ಲೇಆಫ್‌ನಲ್ಲಿ ಬಾಸ್ಟನ್ ತಂಡ ಬೇಕಂತಲೇ ಅವರ ಮೇಲೆ ಫೌಲ್ ಮಾಡಿ, ಹಾಕಪ್ಪಾ ನೋಡೋಣ ಅಂತ ಗೆರೆ ಮೇಲೆ ನಿಲ್ಲಿಸಿತು. ಇಂಥವರನ್ನು ಎಚ್ಚರದಿಂದ ಬಳಸಿದರೆ ತಪ್ಪೇನು?

ಎಚ್ಚರ ತಪ್ಪಲ್ಲ. ಆದರೆ ಆ ಎಚ್ಚರಕ್ಕೂ ಒಂದು ಬೆಲೆ ಇದೆ, ಅದು ಅವತ್ತಿನ ಸ್ಕೋರ್‌ಬೋರ್ಡ್‌ನಲ್ಲಿ ಕಾಣಲ್ಲ. ಮಾರ್ಚ್‌ನ ಒಂದು ಪಂದ್ಯದಲ್ಲಿ ಮೀಸಲು ಆಟಗಾರನಿಗೆ ಹತ್ತು ನಿಮಿಷ ಹೆಚ್ಚು ಕೊಟ್ಟು ಸೋತರೆ, ಮರುದಿನವೇ ಕೋಚ್ ಮೇಲೆ ಗೂಬೆ ಕೂರಿಸುತ್ತಾರೆ. ಸ್ಟಾರ್‌ಗಳನ್ನೇ ಆಡಿಸಿ ಸೋತರೆ, ಸ್ಟಾರ್‌ಗಳು ಆಡಲಿಲ್ಲ ಅಂತ ಬರೆಯುತ್ತಾರೆ. ಹಾಗಾಗಿ ಕೋಚ್‌ಗೆ ಸುರಕ್ಷಿತ ದಾರಿ ಯಾವುದು ಅನ್ನೋದು ಸ್ಪಷ್ಟ. ತಂಡಕ್ಕೂ ಅದೇ ಸುರಕ್ಷಿತವಾ ಅನ್ನೋದು ಬೇರೆ ಮಾತು.

ನಾನು ಎಂಜಿನಿಯರಿಂಗ್ ಓದಿದವನು. ಲೋಡ್ ಹಾಕಿ ನೋಡದ ಜನರೇಟರನ್ನು ಬ್ಯಾಕಪ್ ಅಂತ ನಂಬಲ್ಲ. ಕಾರಿನ ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ಮನೆ ಮುಂದೆ ನೋಡಬೇಕು, ಘಾಟಿಯಲ್ಲಿ ಟೈರ್ ಪಂಕ್ಚರ್ ಆದ ಮೇಲಲ್ಲ. ನಿಕ್ಸ್ ವಿಷಯದಲ್ಲಿ ಪರೀಕ್ಷಿಸಬೇಕಿದ್ದುದು ರಾಬಿನ್ಸನ್ ಮತ್ತು ಕಾರ್ಲ್-ಆಂಥನಿ ಟೌನ್ಸ್ ಜೋಡಿಯನ್ನು. ಟೌನ್ಸ್ ಸೆಂಟರ್ ಆದರೂ ದೂರದಿಂದ ಮೂರು ಪಾಯಿಂಟ್ ಹೊಡೆಯಬಲ್ಲವರು, ಡಿಫೆನ್ಸ್‌ನಲ್ಲಿ ಮಾತ್ರ ದುರ್ಬಲ. ರಾಬಿನ್ಸನ್ ಇದಕ್ಕೆ ಪೂರ್ತಿ ಉಲ್ಟಾ: ದೂರದಿಂದ ಹೊಡೆಯಲ್ಲ, ಆದರೆ ಬುಟ್ಟಿ ಕಾಯುತ್ತಾರೆ, ತಮ್ಮವರು ತಪ್ಪಿಸಿದ ಚೆಂಡನ್ನು ರೀಬೌಂಡ್ ಮಾಡಿ ಇನ್ನೊಂದು ಅವಕಾಶ ತಂದುಕೊಡುತ್ತಾರೆ. ಟೌನ್ಸ್ ಹೊರಗೆ ನಿಂತು ಎದುರಾಳಿಯ ಎತ್ತರದವನನ್ನು ಎಳೆದುಕೊಂಡರೆ ಒಳಗೆ ರಾಬಿನ್ಸನ್‌ಗೆ ಜಾಗ ಸಿಗುತ್ತದೆ. ಕಾಗದದ ಮೇಲೆ ಸರಿಹೊಂದುವ ಈ ಜೋಡಿ ಲೀಗ್ ಹಂತದಲ್ಲಿ ಒಟ್ಟಿಗೆ ಆಡಿದ್ದು ತೀರಾ ಕಡಿಮೆ.

ಮೇ 25ರ ಮೂರನೇ ಪಂದ್ಯದಲ್ಲಿ ಹಾರ್ಟ್ ಬದಲು ರಾಬಿನ್ಸನ್ ಮೊದಲ ಐವರಲ್ಲಿ ಬಂದರು. 20 ಪಾಯಿಂಟ್ ಹಿಂದಿದ್ದ ನಿಕ್ಸ್ 106-100ರಿಂದ ಗೆದ್ದಿತು. ಐದನೇ ಪಂದ್ಯವನ್ನೂ ಗೆದ್ದಿತು, ನಾಲ್ಕು ಮತ್ತು ಆರನೆಯದರಲ್ಲಿ ಸೋತು ಹೊರಬಿತ್ತು. ಅಂದರೆ ಬದಲಾವಣೆಯ ನಂತರ 2-2. ರಾಬಿನ್ಸನ್ ಮೊದಲಿನಿಂದಲೇ ಇದ್ದಿದ್ದರೆ ನಿಕ್ಸ್ ಫೈನಲ್‌ಗೆ ಹೋಗುತ್ತಿತ್ತು ಅಂತ ನಾನು ಹೇಳಲ್ಲ. ಆದರೆ ವರ್ಷದ ಅತಿ ದೊಡ್ಡ ಸರಣಿಯ ಮಧ್ಯೆ ಹೊಸ ಪ್ರಯೋಗ ಮಾಡುವ ಪರಿಸ್ಥಿತಿ ಬಂದಿದ್ದು, ಅದಕ್ಕೆ ಮುಂಚೆ ಮಾಡದೇ ಇದ್ದುದಕ್ಕೆ.

ಇದೇ ಪಾಠ ನಿಕ್ಸ್‌ಗೆ ಹಿಂದಿನ ವರ್ಷವೂ ಸಿಕ್ಕಿತ್ತು. 2023ರ ಡಿಸೆಂಬರ್‌ನಲ್ಲಿ ರಾಬಿನ್ಸನ್ ಗಾಯಗೊಂಡಾಗ ಅವರ ಹಿಂದಿದ್ದ ಐಸೇಯಾ ಹಾರ್ಟನ್‌ಸ್ಟೈನ್‌ಗೆ ಬಾಗಿಲು ತೆರೆಯಿತು. ಆತ ಎಂಥ ಆಟಗಾರ ಅನ್ನೋದು ಆಗ ಎಲ್ಲರಿಗೂ ಗೊತ್ತಾಯ್ತು, ಬೇರೆ ತಂಡಗಳಿಗೂ. 2024ರಲ್ಲಿ ನಿಯಮದ ಪ್ರಕಾರ ನಿಕ್ಸ್ ಕೊಡಬಹುದಾಗಿದ್ದು ನಾಲ್ಕು ವರ್ಷಕ್ಕೆ ಸುಮಾರು 7.25 ಕೋಟಿ ಡಾಲರ್. ಒಕ್ಲಹೋಮಾ ಸಿಟಿ ಮೂರೇ ವರ್ಷಕ್ಕೆ 8.7 ಕೋಟಿ ಕೊಟ್ಟು ಕರೆದುಕೊಂಡು ಹೋಯಿತು. ಅದೇ ಹಾರ್ಟನ್‌ಸ್ಟೈನ್, ನಿಕ್ಸ್ ಅನ್ನು ಸೋಲಿಸಿದ ಪೇಸರ್ಸ್ ಎದುರು 2025ರ ಫೈನಲ್ ಆಡಿದರು. ಒಬ್ಬನ ಯೋಗ್ಯತೆ ತಿಳಿಯೋಕೆ ಇನ್ನೊಬ್ಬನ ಕಾಲು ಮುರಿಯಬೇಕು ಅನ್ನೋದಾದರೆ, ಅದು ಯೋಜನೆಯಲ್ಲ, ಅದೃಷ್ಟ.

ಹಾಗಂತ ಹೊಸ ಕೋಚ್ ಬಂದ ಕೂಡಲೇ ರಾಬಿನ್ಸನ್‌ಗೆ 35 ನಿಮಿಷ ಕೊಡಬೇಕಾ? ಖಂಡಿತ ಬೇಡ. ಆ ಕಾಲುಗಳು ತಡೆಯಲ್ಲ. ನನ್ನ ಪ್ರಕಾರ ಅಕ್ಟೋಬರ್‌ನಿಂದಲೇ 20-22 ನಿಮಿಷ, ಅದರಲ್ಲಿ ಹತ್ತು ನಿಮಿಷ ಟೌನ್ಸ್ ಜೊತೆ, ಸತತ ಎರಡು ದಿನ ಪಂದ್ಯವಿದ್ದರೆ ಒಂದು ದಿನ ವಿಶ್ರಾಂತಿ. ಫ್ರೀ ಥ್ರೋ ಭಯಕ್ಕೂ ನಿಯಮದಲ್ಲೇ ಅರ್ಧ ಪರಿಹಾರವಿದೆ. 2016-17ರಿಂದ ಪ್ರತಿ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷದಲ್ಲಿ, ಚೆಂಡಿಲ್ಲದವನ ಮೇಲೆ ಬೇಕಂತಲೇ ಫೌಲ್ ಮಾಡಿದರೆ ಎದುರಾಳಿಗೆ ಒಂದು ಫ್ರೀ ಥ್ರೋ ಸಿಗುತ್ತದೆ, ಚೆಂಡೂ ಅವರ ಬಳಿಯೇ ಉಳಿಯುತ್ತದೆ. ಒಂದು ಪಂದ್ಯದಲ್ಲಿ ಹೀಗೆ ಎಂಟು ನಿಮಿಷ ಬಾಸ್ಟನ್ ಮಾಡಿದ ತಂತ್ರ ಲಾಭ ತರಲ್ಲ. ಆ ಹೊತ್ತಲ್ಲಾದರೂ ಧೈರ್ಯವಾಗಿ ಆಡಿಸಬಹುದಲ್ವಾ?

ಹೀಗೆ ಮಾಡಿದರೆ ನವೆಂಬರ್, ಡಿಸೆಂಬರ್‌ನಲ್ಲಿ ಎರಡು ಮೂರು ಪಂದ್ಯ ಕೈತಪ್ಪಬಹುದು. 51 ಗೆಲುವು 48 ಆಗಬಹುದು. ಅದನ್ನು ಸಹಿಸುವ ತಾಳ್ಮೆ ಕೋಚ್‌ಗೆ ಮಾತ್ರ ಇದ್ದರೆ ಸಾಲದು, ಕೋಚ್‌ನನ್ನು ನೇಮಿಸುವವರಿಗೂ ಇರಬೇಕು. ಪ್ರತಿ ಸೋಲಿಗೂ ಕೋಚ್‌ನ ಕತ್ತು ಹಿಡಿಯುವ ಕಡೆ, ಬರುವ ಕೋಚ್‌ಗಳೆಲ್ಲ ಥಿಬೊಡೊಗಳೇ ಆಗುತ್ತಾರೆ.