ಮುಖಕ್ಕೆ ಮುಸುಕಿರಲಿ, ಸಾಕ್ಷ್ಯಕ್ಕೆ ಬೇಡ

2025ರ ಮಾರ್ಚ್‌ನಲ್ಲಿ ನಮ್ಮ ಬಳ್ಳಾರಿಯ ಕೌಲ್ ಬಜಾರ್ ಪೊಲೀಸ್ ಠಾಣೆ ರಾಜ್ಯದ ತುಂಬ ಸುದ್ದಿಯಾಯಿತು. ಘಟ್ಟದ ಕೆಳಗಿನ ಧರ್ಮಸ್ಥಳದ ಬಗ್ಗೆ ಯೂಟ್ಯೂಬರ್ ಒಬ್ಬ ಮಾಡಿದ ವಿಡಿಯೊ ಅದಕ್ಕೆ ಕಾರಣ. ಕೆಲವೇ ದಿನಗಳಲ್ಲಿ ಕೋಟಿ ದಾಟಿದ ವೀಕ್ಷಣೆ ಕಂಡು ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿ ನೋಟಿಸ್ ಕೊಟ್ಟರು. ವಿಷಯ ಹೈಕೋರ್ಟ್‌ವರೆಗೆ ಹೋಯಿತು.

ವಿಡಿಯೊದ ಹಿಂದಿದ್ದ ಪ್ರಶ್ನೆ ಹಳೆಯದು. 2012ರ ಅಕ್ಟೋಬರ್‌ನಲ್ಲಿ ಕಾಲೇಜು ಮುಗಿಸಿ ಮನೆಗೆ ಹೊರಟಿದ್ದ 17 ವರ್ಷದ ಹುಡುಗಿ ಅಲ್ಲಿ ಕೊಲೆಯಾದಳು. ಆರೋಪಿಯೆಂದು ಹಿಡಿದಿದ್ದ ಒಬ್ಬನನ್ನು 2023ರ ಜೂನ್‌ನಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. ಹಾಗಾದರೆ ಕೊಂದವರು ಯಾರು? ಈ ಪ್ರಶ್ನೆ ಹಿಡಿದು ಬೀದಿಗಿಳಿದವರಿಗೆ ಹೆಸರಿತ್ತು. ಫೋನಿನೊಳಗೆ ಅದನ್ನೇ ಕೇಳಿದ ಸಾವಿರಾರು ಜನರಿಗೆ ನಾಯಕನೂ ಇರಲಿಲ್ಲ, ಸಂಘಟನೆಯೂ ಇರಲಿಲ್ಲ. ಎಷ್ಟೋ ಜನರಿಗೆ ಸ್ವಂತ ಹೆಸರೂ ಇರಲಿಲ್ಲ.

ಯಾಕೆ ಹೆಸರು ಮುಚ್ಚಿಕೊಂಡರು ಎನ್ನುವುದು ಬೆಂಗಳೂರಿನಲ್ಲಿ ಕೂತವರಿಗಿಂತ ನಮಗೆ ಚೆನ್ನಾಗಿ ಗೊತ್ತಾಗುತ್ತದೆ. ಸಿರುಗುಪ್ಪದ ಭತ್ತದ ಊರುಗಳಲ್ಲಿ, ಕುರುಗೋಡಿನ ಓಣಿಗಳಲ್ಲಿ ಸಾಲ ಕೊಡುವ ‘ಧರ್ಮಸ್ಥಳ ಸಂಘ’ ಎಂದರೆ ಗೊತ್ತಿಲ್ಲದ ಮನೆ ಕಡಿಮೆ. ಪಾಸ್‌ಬುಕ್ ಹಿಡಿದು ವಾರದ ಕಂತು ಕಟ್ಟಲು ಬರುವ ಹೆಣ್ಣುಮಕ್ಕಳು ಆ ಸಾಲದಲ್ಲಿ ಎಮ್ಮೆ ತಂದಿದ್ದಾರೆ, ಹೊಲಿಗೆ ಯಂತ್ರ ಕೊಂಡಿದ್ದಾರೆ, ಮಕ್ಕಳ ಫೀಸು ಕಟ್ಟಿದ್ದಾರೆ. ಧರ್ಮಸ್ಥಳದ ಮಂಜುನಾಥನಿಗೆ ಹರಕೆಯನ್ನೂ ಹೊತ್ತಿದ್ದಾರೆ. ಅವರ ಫೋನಿಗೂ ಆ ವಿಡಿಯೊ ಬಂದಿತ್ತು. ದನಿ ಸಣ್ಣದು ಮಾಡಿ ನೋಡಿದವರು, ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವರನ್ನು ಯಾರೂ ಹೆದರಿಸಬೇಕಿರಲಿಲ್ಲ. ಋಣ ಮತ್ತು ಭಕ್ತಿ ಎರಡೂ ಒಂದೇ ಹೆಸರಿಗೆ ಸಲ್ಲುವಾಗ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ.

ಹೆಸರು ಮುಚ್ಚಿಕೊಂಡು ಪ್ರಶ್ನಿಸುವುದು ಹೊಸದಲ್ಲ. 2008ರಲ್ಲಿ ಸೈಂಟಾಲಜಿ ಎಂಬ ಪಂಥದ ವಿರುದ್ಧ ಎದ್ದ ಪ್ರತಿಭಟನೆಯೂ ಹೀಗೇ, ಹೆಸರಿಲ್ಲದವರಿಂದ ಹುಟ್ಟಿತ್ತು. ನಟ ಟಾಮ್ ಕ್ರೂಸ್ ಪಂಥವನ್ನು ಹೊಗಳಿದ್ದ ವಿಡಿಯೊವನ್ನು ಅಂತರ್ಜಾಲದಿಂದ ತೆಗೆಸಲು ಪಂಥ ಹೊರಟಿತು. ‘ಅನಾನಿಮಸ್’ ಎಂದು ಕರೆದುಕೊಂಡ ಅಪರಿಚಿತರು ಅದನ್ನೇ ಹಿಡಿದುಕೊಂಡರು. ಫೆಬ್ರುವರಿ 10ರಂದು ಹಲವು ದೇಶಗಳ ನಗರಗಳಲ್ಲಿ ಮುಖವಾಡ ತೊಟ್ಟು ಬೀದಿಗೆ ಬಂದರು. ಟೀಕಿಸಿದವರ ಬೆನ್ನುಹತ್ತುವ ಪಂಥ ಎಂಬ ಹೆಸರಿತ್ತು ಅದಕ್ಕೆ, ಹಾಗಾಗಿ ಮುಖವಾಡ. ಆದರೆ ಅದೇ ಗುಂಪಿನ ಕೆಲವರು ಪಂಥದ ಜಾಲತಾಣ ಕೆಡವಿ ಜೈಲಿಗೂ ಹೋದರು.

ಬಾಯಿ ಮುಚ್ಚಿಸಲು ಹೊರಟರೆ ಮಾತು ಹೆಚ್ಚುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮಲ್ಲೂ ಇದೆ. 2025ರ ಜುಲೈನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಧರ್ಮಸ್ಥಳ ಕುರಿತ 8,842 ಲಿಂಕ್‌ಗಳನ್ನು ತೆಗೆಯುವಂತೆ ಏಕಪಕ್ಷೀಯ ಆದೇಶ ಕೊಟ್ಟಿತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟ್‌ಗೆ ಹೋಯಿತು. ಆಗಸ್ಟ್ 1ರಂದು ಆ ಆದೇಶ ಬಿದ್ದುಹೋಯಿತು. ಅಷ್ಟರಲ್ಲಿ ಅದೇ ಸುದ್ದಿಯಾಗಿ, ವಿಡಿಯೊ ನೋಡದವರೂ ಹುಡುಕಿ ನೋಡಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತು. ಅದೇ ವರ್ಷ ಜುಲೈ 11ರಂದು ಬೆಳ್ತಂಗಡಿ ನ್ಯಾಯಾಲಯಕ್ಕೆ ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ ಹೊದ್ದು, ಕಣ್ಣಷ್ಟೇ ಕಾಣುವಂತೆ ಒಬ್ಬ ಬಂದ. ತಾನು ಧರ್ಮಸ್ಥಳದಲ್ಲಿ ಸಫಾಯಿ ಕೆಲಸಕ್ಕಿದ್ದೆ, ನೂರಾರು ಶವ ಹೂತಿದ್ದೇನೆ ಎಂದ. ಕ್ಷೇತ್ರ ಆರೋಪ ಅಲ್ಲಗಳೆದು ತನಿಖೆಯನ್ನು ಸ್ವಾಗತಿಸಿತು. ವಿಶೇಷ ತನಿಖಾ ತಂಡ (ಎಸ್‌ಐಟಿ) ಅವನು ತೋರಿಸಿದಲ್ಲೆಲ್ಲ ಅಗೆಸಿತು. ಎರಡು ಕಡೆ ಮೂಳೆ ಸಿಕ್ಕವು. ಹೇಳಿದಷ್ಟು ಶವ ಸಿಗಲಿಲ್ಲ. ಆಗಸ್ಟ್ 23ರಂದು ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಅವನನ್ನೇ ಬಂಧಿಸಲಾಯಿತು. ಆ ಮುಸುಕಿನ ಜೊತೆ ತಮ್ಮ ಮಾತನ್ನೂ ಕಟ್ಟಿದ್ದವರೆಲ್ಲ ಮುಗ್ಗರಿಸಿದರು. 2012ರ ಹುಡುಗಿಯ ಪ್ರಶ್ನೆಗೆ ಯಾವ ಸಂಬಂಧವೂ ಇಲ್ಲದೆ ಪೆಟ್ಟು ಬಿತ್ತು. ನನಗೆ ಹೆಚ್ಚು ನೋವಾದದ್ದು ಅದಕ್ಕೆ.

ಬಲಾಢ್ಯರ ಎದುರು ಮಾತಾಡುವವನು ಮುಖ ಮುಚ್ಚಿಕೊಳ್ಳುವುದು ಹೇಡಿತನವಲ್ಲ. ಆದರೆ ಆರೋಪ ಎಂಥವನು ಹೊರಿಸಿದರೂ ಅದಕ್ಕೆ ದಿನಾಂಕ ಬೇಕು, ಜಾಗ ಬೇಕು, ದಾಖಲೆ ಬೇಕು. ಹೆಸರಿಲ್ಲದವನ ಸುಳ್ಳಿಗೆ ಉತ್ತರ ಕೊಡುವವರೇ ಇರುವುದಿಲ್ಲ. ಅದರ ಬೆಲೆ ತೆರುವವರು ನಿಜ ಹೇಳಲು ಬಂದ ಮುಂದಿನವರು.

ಹೆದರುವವರಿಗೆ ಕಾನೂನಿನಲ್ಲಿ ದಾರಿಯಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಇರಬೇಕು; ಗುರುತು ಮರೆಮಾಚಿ ಸಾಕ್ಷಿ ಹೇಳಲು ಅದು ಅವಕಾಶ ಕೊಡಬಲ್ಲದು. ಬಳ್ಳಾರಿಯಲ್ಲಿ ಹೀಗೊಂದು ಬಾಗಿಲಿದೆಯೆಂದು ಸಿರುಗುಪ್ಪ, ಕುರುಗೋಡಿನ ಎಷ್ಟು ಜನರಿಗೆ ಯಾರಾದರೂ ಹೇಳಿದ್ದಾರೆ? ಠಾಣೆ, ತಾಲೂಕು ಕಚೇರಿಗಳ ಗೋಡೆಗೆ ಕನ್ನಡದಲ್ಲಿ ಒಂದು ಫಲಕ ಹಾಕಲು ಹೆಚ್ಚು ಖರ್ಚಾಗುವುದಿಲ್ಲ. ಜಿಲ್ಲಾಡಳಿತ ಅದನ್ನು ಈ ತಿಂಗಳೇ ಮಾಡಲಿ. ಓದುಗರು ಮುಂದಿನ ವಿಡಿಯೊ ಫಾರ್ವರ್ಡ್ ಮಾಡುವ ಮೊದಲು, ಇದರಲ್ಲಿ ಕೋರ್ಟಿನಲ್ಲಿ ನಿಲ್ಲುವುದು ಎಷ್ಟಿದೆ ಎಂದು ಒಮ್ಮೆ ಕೇಳಿಕೊಳ್ಳಲಿ.